ಮೂರೂವರೆಯ ನಂತರ

ಸೂಚ್ಯಂಕ ನೆಲ ಕಚ್ಚಿದ ಸೋಮವಾರ
ಏರುಗತಿಯಲ್ಲಿದ್ದದ್ದು ನನ್ನ ಬೀಪಿ ಒಂದೇ.
ಅತ್ತಾವರದ ಡಾಕ್ಟರು ಸುಹಾಸಿನಿ ಬಲ್ಲಾಳ್
ತೋಳಿನ ಪಟ್ಟಿ ಬಿಚ್ಚುತ್ತ ಅಂದರು:
"ಬೆಳಗ್ಗೆ ಒಂದು ಮಾತ್ರೆ. ರಾತ್ರಿ ಮಲಗುವ ಮುಂಚೆ
ಆ ದಿನ ಸಿಕ್ಕಿದ ಮೂರು ಉಪಕಾರ ಬರೆಯಿರಿ."
ಮಾತ್ರೆಗೆ ಚೀಟಿ ಕೊಟ್ಟರು. ಉಪಕಾರಕ್ಕೆ ಕೊಡಲಿಲ್ಲ.

ಹಂಪನಕಟ್ಟೆಯ ಮೂರನೇ ಮಾಳಿಗೆಯಲ್ಲಿ
ಕಿಟಕಿಗೆ ಬೆನ್ನು ಹಾಕಿ ಇಪ್ಪತ್ತೆರಡು ವರ್ಷ
ಕಂಡವರ ದುಡ್ಡಿನಲ್ಲಿ ಕೊಂಡು ಮಾರಿ ಕೂತವ,
ಹಸಿರು, ಕೆಂಪು, ಎರಡೇ ಬಣ್ಣ ಬಲ್ಲವ ನಾನು.
ಡ್ರಾವರಿನಲ್ಲಿ ಖಾಲಿ ಲೆಡ್ಜರ್ ಒಂದಿತ್ತು.
ಎಡಕ್ಕೆ ಜಮೆ, ಬಲಕ್ಕೆ ಖರ್ಚು.

ಮೊದಲ ರಾತ್ರಿ ಸಿಟ್ಟಿನಲ್ಲೇ ಬರೆದೆ:
ಬಿದ್ದದ್ದು ನೂರಕ್ಕೆ ನಾಲ್ಕು, ಐದಲ್ಲ.
ಹಸನಬ್ಬ ಫೋನು ಮಾಡಲಿಲ್ಲ.
ಶನಿವಾರಕ್ಕೆ ಇನ್ನು ಐದೇ ದಿನ.

ಆಮೇಲೆ ಕೈ ಪಳಗಿತು.
ಮರೆತು ಇಳಿದವನ ಬೆನ್ನಿಗೆ ಕೂಗಿ
ಎರಡು ರೂಪಾಯಿ ಚಿಲ್ಲರೆ ಕೊಟ್ಟ ಕಂಡಕ್ಟರ್
("ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್" ಎಂದು
ದಿನವಿಡೀ ಒಂದೇ ಶೇರು ಕೂಗುವ ಅವನು
ಒಂದೂ ಕೊಂಡದ್ದಿಲ್ಲವಂತೆ).
ಹ್ಯಾಂಗರಿನಲ್ಲಿ ತಾನಾಗಿ ತೂಗುತ್ತಿದ್ದ ಇಸ್ತ್ರಿ ಶರ್ಟು.
ಕರೆಂಟು ಹೋಗಿ ಪರದೆ ಸತ್ತ ಹತ್ತು ನಿಮಿಷ
ಕಿಟಕಿ ತೆರೆದದ್ದಕ್ಕೆ ಬಂದ ಗಾಳಿ,
ಬಂದರಿನ ಒಣಮೀನಿನ ವಾಸನೆ ಸಮೇತ.
ಬಂಗುಡೆ ಪುಳಿಮುಂಚಿ.

ಹುಟ್ಟುಗುಣ. ಮೂವತ್ತನೇ ದಿನ ಗ್ರಾಫು ಬರೆದೆ.
ಪ್ರತಿ ಉಪಕಾರಕ್ಕೂ ಅಂಕ ಕೊಟ್ಟು
ಚಲಿಸುವ ಸರಾಸರಿಯ ಗೆರೆ ಎಳೆದೆ,
ಎಲ್ಲಿ ಬೆಂಬಲ, ಎಲ್ಲಿ ತಡೆ ಎಂದು ಹುಡುಕಿದೆ.
ಗೆರೆ ಏರಲಿಲ್ಲ, ಬೀಳಲಿಲ್ಲ,
ಇಳಿತದ ಹೊತ್ತಿನ ನೇತ್ರಾವತಿಯ ಹಾಗೆ
ಸುಮ್ಮನೆ ಬಿದ್ದುಕೊಂಡಿತ್ತು.
ಬಂಗುಡೆಯ ದಿನ ಮಾತ್ರ ಚೂರು ಉಬ್ಬು.
"ಈ ಬಾಬತ್ತಿನಲ್ಲಿ ನಿನ್ನೆಯದು ಬಡ್ಡಿ ತರುವುದಿಲ್ಲ"
ಎಂದು ಅಡಿಗೆ ಷರಾ ಬರೆದು
ಲೆಡ್ಜರನ್ನು ಫ್ರಿಜ್ಜಿನ ಮೇಲಿಟ್ಟು ಮಲಗಿದೆ.

ಲೋಲಾಕ್ಷಿ ಬ್ಯಾಂಕಿನಲ್ಲಿದ್ದವಳು.
ಇನ್ನೊಂದರಲ್ಲಿ ಕರಗಿಹೋದ ನಮ್ಮೂರ ಬ್ಯಾಂಕು,
ಬೋರ್ಡು ಇಳಿಸಿದ ಸಂಜೆ ಮನೆಗೆ ಬಂದು
ಮಾತಾಡದೆ ಎರಡು ಸಲ ಅಕ್ಕಿ ತೊಳೆದಿದ್ದಳು.
ಮೂವತ್ತೊಂದು ವರ್ಷ ಆಡಿಟ್ ವಿಭಾಗ.
ಲೆಡ್ಜರ್ ಕಣ್ಣಿಗೆ ಬಿದ್ದರೆ ಬಿಡುವವಳಲ್ಲ.

ಬೆಳಗ್ಗೆ ಅಂಚಿನಲ್ಲೆಲ್ಲ ಕೆಂಪು ಶಾಯಿ.
"ಬಂಗುಡೆ: ಜಮೆ ತಪ್ಪು ಖಾತೆಗೆ ಹೋಗಿದೆ.
ಬಂಗುಡೆ ತಾನಾಗಿ ಪುಳಿಮುಂಚಿ ಆಗುವುದಿಲ್ಲ.
ತಂದದ್ದು ಬೇಬಿಯಕ್ಕ. ಅರೆದದ್ದು, ಕೆಳಗೆ ಸಹಿ ಮಾಡಿದವಳು."
"ಇಸ್ತ್ರಿ ಶರ್ಟು: ವೋಚರ್ ಇಲ್ಲ."
"ಗಾಳಿ: ಸರಿಯಿದೆ."
"ಹಸನಬ್ಬ: ಫೋನು ಮಾಡಿದ್ದರು. ನಾನು ತೆಗೆದೆ.
ನಿಮ್ಮ ಬೀಪಿ ಎಷ್ಟು ಎಂದು ಕೇಳಿದರು.
ಶೇರಿನ ಸುದ್ದಿ ಎತ್ತಲಿಲ್ಲ."

ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು
ಕಾಫಿ ಆರುವ ತನಕ ಕೂತೆ.
ದಕ್ಕೆಯ ಬೋಟು ಮಾರಿದ ದುಡ್ಡು ಆತನದು,
ನನ್ನ ಮಾತು ಕೇಳಿ ಹಾಕಿದ್ದು.
ಉಳಿದದ್ದು ಅರ್ಧ.

ಅಂದು ಮೂರೂವರೆಗೆ ಮಾರುಕಟ್ಟೆ ಮುಚ್ಚಿತು.
ಹಸಿರೋ ಕೆಂಪೋ ನೆನಪಿಲ್ಲ ಎಂದರೆ ಸುಳ್ಳಾಗುತ್ತದೆ:
ಕೆಂಪು, ನೂರ ಹನ್ನೆರಡು ಅಂಶ.
ಮೆಟ್ಟಿಲಿಳಿದು ಬಂದರಿನ ಕಡೆ ನಡೆದೆ.
ದಾರಿಯುದ್ದಕ್ಕೂ ಮಾತು ಹುಡುಕಿದೆ.
'ಧನ್ಯವಾದ' ಸಭೆಯದು, ಹಾರ ಹಾಕಿದ ಮೇಲೆ ಬರುವುದು.
'ಥ್ಯಾಂಕ್ಸ್' ಬರೀ ಚಿಲ್ಲರೆ.
ಹಸನಬ್ಬ ಅಂಗಡಿ ಬಾಗಿಲಲ್ಲಿ
ಸಿಗಡಿಯ ಗೋಣಿಗೆ ಹೊಲಿಗೆ ಹಾಕುತ್ತಿದ್ದ.
"ಬೀಪಿ ಈಗ ಅಡ್ಡಿಯಿಲ್ಲ" ಎಂದೆ.
ದಬ್ಬಣವನ್ನು ಗೋಣಿಯಲ್ಲೇ ಬಿಟ್ಟು ಎದ್ದ.
"ಚಾ ಕುಡಿಯುವಾ" ಎಂದ.
ಎರಡು ಗ್ಲಾಸಿನ ದುಡ್ಡೂ ಅವನೇ ಕೊಟ್ಟ,
ನನ್ನ ಕೈ ಹಿಡಿದು ಜೇಬಿಗೆ ವಾಪಸು ತಳ್ಳಿ.

ರಾತ್ರಿ ಪೆನ್ನು ಬಿಚ್ಚಿ ತಡೆದೆ. ಅವಳನ್ನು ಕೇಳಿದೆ:
"ಇದು ಎಡಕ್ಕೋ, ಬಲಕ್ಕೋ?"
ಬೆಳ್ಳುಳ್ಳಿ ಸುಲಿಯುತ್ತಿದ್ದವಳು ತಲೆಯೆತ್ತದೆ ಅಂದಳು:
"ಸದ್ಯಕ್ಕೆ ಸಸ್ಪೆನ್ಸ್ ಖಾತೆಗೆ ಹಾಕಿ."