ಎಡಗಡೆಯ ತಟ್ಟೆ

ಇಪ್ಪತ್ತೆರಡು ಪುಟ.
ಓದಿ ಹೇಳುವುದು ನನ್ನ ಕೆಲಸ.
ಎರಡು ಮಾಸ್ಕು, ಅದರ ಮೇಲೊಂದು ಪ್ಲಾಸ್ಟಿಕ್ ಪರದೆ,
ನನ್ನ ಮಾತೇ ಆವಿಯಾಗಿ ನನ್ನ ಕಣ್ಣಿಗೆ ಕಟ್ಟುತ್ತದೆ.

ಚಿಕ್ಕಬಳ್ಳಾಪುರ, ಮೂರನೇ ವಾರ್ಡು, ಹಾಸಿಗೆ ಹದಿನಾಲ್ಕು.
ಶಿಡ್ಲಘಟ್ಟದ ಇಮ್ದಾದ್ ಪಾಷ, ರೀಲರ್,
ಆಕ್ಸಿಜನ್ ಎಂಬತ್ತೊಂಬತ್ತು.
ಕಿಟಕಿಯಾಚೆ ಸರಳು ಹಿಡಿದು ಭಾವಮೈದ ಖಲಂದರ್:
"ನಾವೇನು ಇಲಿಗಳಾ? ದೊಡ್ಡವರಿಗೆ ಮೊದಲು ಚುಚ್ಚಿ ನೋಡಿ!"
ಪಾಪಮ್ಮ ಪೊರಕೆ ನಿಲ್ಲಿಸಿ ಅಂದಳು,
"ಕಾಸಿಲ್ದೆ ಯಾರು ಏನು ಕೊಡ್ತಾರೆ ಬಿಡಮ್ಮ."
ನಾನು ಪುಟ ತಿರುವಿದೆ.

ಪುಟ ಏಳು:
ನಿಮಗೆ ಸಿಗುವುದು ಔಷಧಿಯೋ ಉಪ್ಪುನೀರೋ
ನಿಮಗೂ ತಿಳಿಯದು, ವೈದ್ಯರಿಗೂ ತಿಳಿಯದು.

ಇಮ್ದಾದ್ ಕಣ್ಣು ತೆರೆದರು.
"ಗೊತ್ತಿಲ್ಲ ಅಂತ ಬರೆದವ್ರಾ?
ಇನ್ನೊಂದ್ಸಲ ಓದು ತಾಯಿ."

ಓದಿದೆ. ಆಮೇಲೆ ಪುಟದಲ್ಲಿಲ್ಲದ್ದನ್ನು ಹೇಳಿದೆ.
ನಮ್ಮಪ್ಪನ ಹುಳದ ಮನೆ. ಹಾಲುರೋಗಕ್ಕೆ ಹೊಸ ಪುಡಿ ಬಂದ ವರ್ಷ
ಬಲಗಡೆ ತಟ್ಟೆಗಳಿಗೆ ಪುಡಿ, ಎಡಗಡೆಗೆ ಬರೀ ಸುಣ್ಣ.
ಅದೇ ಮೊಟ್ಟೆ, ಅದೇ ಸೊಪ್ಪು.
ಎಲ್ಲಕ್ಕೂ ಹಾಕಿ ಎಲ್ಲವೂ ಉಳಿದರೆ
ಉಳಿಸಿದ್ದು ಪುಡಿಯೋ ಗಾಳಿಯೋ, ಅನ್ನುತ್ತಿದ್ದ ಅಪ್ಪ.

ಇಮ್ದಾದ್ ತಲೆಯಾಡಿಸಿದರು. ಹುಳ ಬಲ್ಲವರು.
"ನಂದು ಯಾವ ಕಡೆ ತಟ್ಟೆ?"
ಗೊತ್ತಿಲ್ಲ ಅಂದೆ.

ಉಳಿದದ್ದು ಅವರಿಗೆ ಹೇಳಲಿಲ್ಲ.
ನಾಲ್ಕನೇ ಜ್ವರದ ರಾತ್ರಿ, ನನಗೆ ಹತ್ತು ವರ್ಷ,
ಎಡಗಡೆಯವು ತಲೆಯೆತ್ತಿ ನಿಂತಿದ್ದವು, ನನ್ನನ್ನೇ ಕೇಳುವ ಹಾಗೆ.
ಅಪ್ಪ ಮಲಗಿದ್ದಾಗ ಹಿಡಿ ಹಿಡಿ ಪುಡಿ ಅವಕ್ಕೂ ಉದುರಿಸಿದೆ.
ಎರಡೂ ಕಡೆ ಹಣ್ಣಾದವು, ಎರಡೂ ಕಡೆ ಗೂಡು ಕಟ್ಟಿದವು.
ಪುಡಿ ದಂಡ ಎಂದು ಅಪ್ಪ ಡಬ್ಬಿ ವಾಪಸು ಕೊಟ್ಟ.
ಮುಂದಿನ ಬೆಳೆ ಪೂರ್ತಿ
ತಿಪ್ಪೆಗೆ ಹೊತ್ತೆವು, ನಾನೂ ಒಂದು ಮಂಕರಿ.

ಹೆಬ್ಬೆಟ್ಟು ಒತ್ತಿದರು ಇಮ್ದಾದ್.
ಮೂವತ್ತು ವರ್ಷ ಕುದಿನೀರಲ್ಲಿ ಎಳೆ ಹುಡುಕಿದ ಬೆರಳು,
ಗೆರೆಗಳೆಲ್ಲ ಬೆಂದುಹೋಗಿವೆ.
ರೇಷನ್ ಅಂಗಡಿಯ ಮಿಷನ್ನೂ ಇವರನ್ನು ಗುರುತಿಸದಂತೆ.
ಹಾಳೆಯ ಮೇಲೆ ನೇರಳೆ ಹಣ್ಣಿನಷ್ಟು ಮಸಿ,
ಒಳಗೆ ಯಾರೂ ಇಲ್ಲ.

ಓದು ಬಾರದವರಿಗೆ ಸಾಕ್ಷಿ ಬೇಕು. ಪುಟ ಇಪ್ಪತ್ತೊಂದು.
ಕಿಟಕಿಯಲ್ಲಿದ್ದವನನ್ನೇ ಕರೆದರು.
ನೀಲಿ ಗೌನನ್ನು ಹಿಂದುಮುಂದಾಗಿ ತೊಟ್ಟು ಬಂದ ಖಲಂದರ್
"ಮೊದಲಿಂದ ಓದಿ" ಎಂದ.
ಓದಿದೆ. ಇಪ್ಪತ್ತೆರಡೂ.
ಏನಾದ್ರೂ ಆದ್ರೆ ಯಾರು ಹೊಣೆ? ಪುಟ ಹದಿನಾರು.
ನಡುವೆ ಬೇಡ ಅಂದ್ರೆ? ಬಿಡಬಹುದು, ಉಳಿದ ಚಿಕಿತ್ಸೆ ನಿಲ್ಲದು.
"ಇದನ್ನ ಆಚೆ ಮೈಕಲ್ಲಿ ಹೇಳೋಕೇನು ನಿಮಗೆ?"
ಅದಕ್ಕೆ ಪುಟವಿರಲಿಲ್ಲ.

ಸೈನು ಹಾಕುತ್ತಾ ಅಂದ, ತನಗೇ ಎಂಬಂತೆ:
"ಎದುರುಗಡೆ ಗಲ್ಲೀಲಿ ಇದೇ ಸೀಸೆ ನಲವತ್ತು ಸಾವಿರ.
ನಿನ್ನೆ ಹೋಗಿದ್ದೆ. ಅವನು ಒಂದು ಪುಟಾನೂ ಓದಲಿಲ್ಲ.
ನಾನೂ ಕೇಳಲಿಲ್ಲ."

ರಾತ್ರಿ ಪಾಳಿ. ಫ್ರಿಜ್ಜಿನ ಬಾಗಿಲು ತೆರೆದು ನಿಂತೆ.
ಒಂದೇ ಬಣ್ಣ, ಒಂದೇ ಮುಚ್ಚಳ, ಬರೀ ನಂಬರು.
ಹದಿನಾಲ್ಕರವರು ಕೆಮ್ಮುತ್ತಿದ್ದರು.
ಅಂಗೈ ನವೆಯಾಯಿತು, ಹತ್ತು ವರ್ಷದ ಅಂಗೈ.
ಯಾವುದು ಪುಡಿ, ಯಾವುದು ಸುಣ್ಣ?
ನನ್ನಂಥ ಹುಡುಗಿಯರನ್ನು ಬಲ್ಲವರು ಯಾರೋ
ಎಲ್ಲವನ್ನೂ ಒಂದೇ ಥರ ಮಾಡಿಟ್ಟಿದ್ದರು.

ಹನ್ನೊಂದನೇ ದಿನ ಇಮ್ದಾದ್ ನಡೆದು ಮನೆಗೆ ಹೋದರು.
ಹದಿನೈದರ ಮೇಷ್ಟ್ರು ಹೋಗಲಿಲ್ಲ.
ಇಬ್ಬರದೂ ಬೇರೆ ಬೇರೆ ನಂಬರು,
ಒಂದೇ ಮೊಹರಿನ ಲಕೋಟೆ.

ಈಗಲೂ ಶುಕ್ರವಾರ ಸಂಜೆ ಫೋನು.
"ಅಕ್ಕಾ, ಕವರ್ ಒಡೆದ್ರಾ?"
ಇನ್ನೂ ಇಲ್ಲ ಖಲಂದರ್.
"ನೀರೇ ಆಗಿದ್ರೆ?"
ನಾನು ಸುಮ್ಮನಿರುತ್ತೇನೆ. ಅವನೂ.
ಅವನ ಹಿಂದೆ ಚರಕ ತಿರುಗುವ ಸದ್ದು,
ಯಾರೋ ಬಿಸಿನೀರಲ್ಲಿ ಎಳೆ ಹುಡುಕುತ್ತಿರುವುದು.