ಇನ್ನೂ ಈಯದವಳು

ಬೀದರಿನ ಕಾಲೇಜಿನಲ್ಲಿ ಐದು ವರ್ಷ
ಹೈಫರ್, ಹೈಫರ್ ಎಂದೇ ಓದಿ, ಪಾಸಾಗಿ,
ಬರೆದ ಹಾಗೆ ಉಚ್ಚರಿಸುವ ನಾಲಿಗೆಯನ್ನೇ ಕಟ್ಟಿಕೊಂಡು
ಇಲ್ಲಿಗೆ ಬಂದೆ: ಹೆರಿಫರ್ಡ್‌ಶೈರ್, ಕಿಂಗ್ಟನ್ ಪೇಟೆಯಾಚೆಯ ಗುಡ್ಡ.
ಗ್ಲಿನ್ ಪ್ರಾಸರ್ ನಗಲಿಲ್ಲ. ಗೇಟಿನ ಸರಪಳಿ ಬಿಚ್ಚುತ್ತ
'ಹೆಫರ್' ಅಂದ, ಒಮ್ಮೆ ಮಾತ್ರ,
ಮಗುವಿನ ಅಂಗಿಯ ಗುಂಡಿ ಸರಿಮಾಡಿದ ಹಾಗೆ.

ಒಂದು ಅಕ್ಷರ ಸುಮ್ಮನೆ ಕೂತಿದೆ ಆ ಪದದ ನಡುವೆ,
ಮದುವೆಮನೆಯಲ್ಲಿ ಯಾರ ಕಡೆಯವರೆಂದು ಯಾರೂ ಕೇಳದ
ದೂರದ ನೆಂಟ. ಉಣ್ಣುತ್ತಾನೆ, ಮಾತಾಡುವುದಿಲ್ಲ.

ಇಪ್ಪತ್ತೆರಡು ಕೊರಳು.
ಕೂದಲು ಕತ್ತರಿಸಿ, ತೊಗಲಿನ ದಪ್ಪ ಅಳೆದು,
ಮೇಲೊಂದು ಸೂಜಿ, ಕೆಳಗೊಂದು ಸೂಜಿ.
ಕ್ಷಯವಿದ್ದರೆ ಮೂರನೆಯ ದಿನ ತೊಗಲೇ ಹೇಳುತ್ತದೆ.
ಕೊನೆಯವಳು ಕೆಂಪು ಮೈ, ಬಿಳಿ ಮುಖ,
ಹೊಟ್ಟೆಯಲ್ಲಿ ಏಳು ತಿಂಗಳು. ನನ್ನ ರಬ್ಬರು ತೋಳು ನೆಕ್ಕಿದಳು.
'ನಿಮ್ಮಲ್ಲಿ ಏನಂತೀರಿ ಇಂಥವಳನ್ನ?'
ಕಡಸು, ಅಂದೆ.
ಮಣಕ ಅಂತಲೂ ಉಂಟು, ಪಡ್ಡೆ ಅಂತಲೂ...
ಪಡ್ಡೆ ಈಗ ಬೈಕಿನ ಮೇಲೆ ಸೀಟಿ ಹೊಡೆಯುವ
ಹುಡುಗರ ಪಾಲಾಗಿದೆ ಎಂಬುದನ್ನು ಹೇಗೆ ವಿವರಿಸಲಿ, ಬಿಟ್ಟೆ.
'ಕಡ್ಸು' ಅಂದ ಗ್ಲಿನ್, ಅವಳ ಹಣೆಗೆ.
ಅವಳು ಕಿವಿ ಆಡಿಸಿದಳು,
ಅಲ್ಲಿ ನೇತಾಡುವ ಹಳದಿ ನಂಬರಿಗಿಂತ ಇದು ವಾಸಿ ಎಂಬಂತೆ.

ರಾತ್ರಿ ಬಾಡಿಗೆ ಕೋಣೆಯಲ್ಲಿ ನಿಘಂಟು ತೆರೆದೆ.
ಕೌ ನಮ್ಮ ಗೋವಿನ ದೂರದ ಅಕ್ಕ, ಸರಿ.
ಕ್ಯಾಟಲ್ ಅಂದರೆ ಮೊದಲು ಆಸ್ತಿ, ಆಮೇಲೆ ಹಸು;
ನಮ್ಮಲ್ಲೂ ದನಕ್ಕೂ ಧನಕ್ಕೂ
ಒಂದು ಉಸಿರಷ್ಟೇ ಅಂತರ, ಅದನ್ನೂ ಎಲ್ಲರೂ ಬಿಡುವುದಿಲ್ಲ.
ಹೆಫರ್ ಹತ್ತಿರ ಬಂದರೆ: ಮೂಲ ತಿಳಿಯದು.
ಸಾವಿರ ವರ್ಷದ ಹಿಂದೆ ಹೆಅಹ್‌ಫೋರೆ. ಅಲ್ಲಿಂದಾಚೆ ಊಹೆ.
ಎತ್ತರದಲ್ಲಿ ಹೆಜ್ಜೆ ಹಾಕುವವಳು, ಇರಬಹುದು.
ಇಲ್ಲದೆಯೂ ಇರಬಹುದು.
ಎಲ್ಲಿಂದ ಬಂದೆ, ಅಲ್ಲ, ನಿಜವಾಗಿ ಎಲ್ಲಿಂದ,
ಎಂದು ಅಂಗಡಿಯಲ್ಲೂ ಕೇಳಿಸಿಕೊಳ್ಳುವ ನನಗೆ
ಆ ಎರಡು ಪದ ಓದಿ ಸಣ್ಣ ಅಸೂಯೆ.

ಮೂರನೆಯ ದಿನ ಇಪ್ಪತ್ತೊಂದು ಕೊರಳು ಸಪಾಟು.
ಕಡ್ಸುವಿನದು ಅಳೆಯುವ ಮುಂಚೆಯೇ ಬೆರಳಿಗೆ ಸಿಕ್ಕಿತು,
ಕೆಳಗಿನ ಸೂಜಿಯ ಜಾಗದಲ್ಲಿ, ಗೋಲಿಗುಂಡಿನಷ್ಟು.
ಮತ್ತೆ ಅಳೆದೆ. ಇನ್ನೊಮ್ಮೆ.
ಗ್ಲಿನ್ ಸರಪಳಿಯ ಕೊಂಡಿಗಳನ್ನು ಎಣಿಸುತ್ತಿದ್ದ.

ಈದ ದಿನ ಈ ಪದ ಅವಳಿಂದ ಹಾಲುಹಲ್ಲಿನ ಹಾಗೆ ಕಳಚಿ
ಕೌ ಎನಿಸಿಕೊಳ್ಳಬೇಕಿತ್ತು ಅವಳು.
ಈಯುವುದೆಂದರೆ ನಮ್ಮಲ್ಲಿ ಕರು ಹಾಕುವುದು,
ಹಳಗನ್ನಡದ ಬಾಯಲ್ಲಿ ಕೊಡುವುದೂ ಅದೇ.
ಎರಡು ಅರ್ಥದಲ್ಲೂ ಬಾಕಿ.

ಫಾರ್ಮಿನಲ್ಲಿ ತಳಿ, ವಯಸ್ಸು, ಬೆಲೆ.
ಹೆಫರ್ ಎಂದು ಇಂಗ್ಲಿಷಿನಲ್ಲಿ ಬರೆದೆ,
ಮಾತಾಡದ ನೆಂಟನನ್ನೂ ಬಿಡದೆ.
ಲಾರಿ ಗುರುವಾರ ಬರುತ್ತದಂತೆ.
ಗ್ಲಿನ್ ಸಹಿ ಹಾಕಿದ, ಪೆನ್ನು ಕೊಡಲು ಮರೆತ,
'ಇನ್ನೊಂದು ಸಲ ಹೇಳು, ನಿಮ್ಮ ಮಾತಲ್ಲಿ' ಅಂದ.

ಹೇಳಿದೆ.
ಶೆಡ್ಡಿನ ಆ ತುದಿಯಲ್ಲಿ, ಬೇರೆ ಕೂಡಿಟ್ಟವಳು
ಅಳೆದ ಕತ್ತನ್ನೇ ಎತ್ತಿದಳು.