ಕಡ್ಡಿಬೆರಳು

ಲವಂಗದ ಲೆಕ್ಕ ಬರೆದ ಹಾಳೆಯ ಬೆನ್ನಿಗೆ
ನಮ್ಮ ಸಿನಿಮಾ ಬರೆಯುತ್ತಿದ್ದೇವೆ.
ಇಪ್ಪತ್ತೆರಡು ನಿಮಿಷ, ಮಕ್ಕಳಿಗೆ;
ಜೊತೆಗೊಂದು ಜಾಲತಾಣ, ಮುಟ್ಟಿ ಆಡುವಂಥದ್ದು.
ಮಡಗಾಸ್ಕರಿನ ಮೂಡಣ ಕರಾವಳಿ, ಮನನಾರದ ಶಾಲೆ,
ತಗಡಿನ ಸೂರು, ಬೆಂಚು ಮೂರೇ.
ಸೂಲು ಕ್ಯಾಮೆರಾದವನು, ರಂಜಾ ಚಿತ್ರ ಬಿಡಿಸುವವಳು,
ಮಾತು ಬರೆಯುವವಳು ನಾನು, ರಾಜಧಾನಿಯಿಂದ ಬಂದವಳು,
ಇಲ್ಲಿಯ ನುಡಿ ಅರ್ಧ ತಿಳಿದು
ಉಳಿದರ್ಧಕ್ಕೆ ತಲೆಯಾಡಿಸುವವಳು.

ಮೊದಲ ನಿಮಿಷ: ಇರುಳು. ಏನೂ ಕಾಣಬಾರದು.
ಟಕ್. ಟಕ್ ಟಕ್.
ಎರಡನೆಯದು: ಕಿವಿ, ಬಾವಲಿಯದೋ ಎನ್ನುವಷ್ಟು ಅಗಲ.
ಮೂರನೆಯದು: ಬೆರಳು.
ಉಳಿದ ನಾಲ್ಕರ ಹಾಗಲ್ಲ, ಒಣಗಿದ ಕಡ್ಡಿ;
ಕೊಂಬೆ ತಟ್ಟಿ, ಕಿವಿಗೊಟ್ಟು,
ಪೊಳ್ಳು ಎಲ್ಲಿದೆಯೆಂದು ಆಲಿಸಿ,
ಹಲ್ಲು ಕೊರೆದ ತೂತಿನಿಂದ
ಹುಳುವನ್ನು ಎಳೆದು ತರುವ ಬೆರಳು.
ಅಯ್‌ಅಯ್, ಎಂದು ಮೇಲೆ ಶೀರ್ಷಿಕೆ ಬರೆದೆ.
ನೀರು ತಂದ ಹುಡುಗಿ ಅದನ್ನು ಓದಿದಳು.
ಲೋಟವನ್ನು ತಂದು ಆ ಪದದ ಮೇಲೇ ಇಟ್ಟಳು.

ಫಿತಿಯಾ, ಒಂಬತ್ತು ವರ್ಷ. ಕೇಳಿದಳು:
"ಅದು ಯಾರ ಕಡೆ ಬೆರಳು ತೋರಿಸತ್ತೋ ಅವರು ಸತ್ತುಹೋಗ್ತಾರೆ.
ಪರದೆಯೊಳಗಿಂದ ತೋರಿಸಿದರೆ?
ಇಡೀ ಶಾಲೆ ನೋಡ್ತಾ ಕೂತಿದ್ದರೆ?"

ಸೂಲು ನಗಲು ಹೊರಟ. ರಂಜಾ ಅವನ ಕಾಲು ತುಳಿದಳು.
ನನ್ನ ಬಳಿ ಉತ್ತರವಿತ್ತು, ಏಳನೇ ನಿಮಿಷದಲ್ಲಿ:
ಇದು ಬರೀ ಮೂಢನಂಬಿಕೆ, ಮಕ್ಕಳೇ.
ಬರೆದಾಗ ಚೆನ್ನಾಗಿಯೇ ಇತ್ತು.
ಅವಳ ಮುಖದೆದುರು ಓದಲು ನಾಲಿಗೆ ಏಳಲಿಲ್ಲ.

ಬಾಗಿಲಲ್ಲಿ ಕೂತು ಲಿಚಿ ಸುಲಿಯುತ್ತಿದ್ದ ತುಂಬುವಿನಪ್ಪ.
ದೋಣಿ ಕೊರೆಯುವವನು; ಮಗ ಹುಟ್ಟಿದಂದಿನಿಂದ
ಅವನ ಸ್ವಂತ ಹೆಸರು ಯಾರಿಗೂ ಬೇಕಿಲ್ಲ.
ಕೈ ಒರೆಸಿಕೊಂಡು ಹೇಳಿದ:
"ನನಗಾಗ ಹನ್ನೆರಡು.
ಕವಲುದಾರಿಯಲ್ಲಿ ಕಂಬ ನೆಟ್ಟು ಅದನ್ನು ತೂಗುಹಾಕಿದರು,
ಹಾದುಹೋಗುವವರು ಯಾರಾದರೂ ಕೇಡು ಹೊತ್ತೊಯ್ಯಲಿ ಅಂತ.
ಕಂಬ ಹಿಡಿದದ್ದು ನಾನು.
ಗಾಳಿ ಬೀಸಿದಾಗ ಆ ಬೆರಳು ತಿರುಗಿ ತಿರುಗಿ
ಎಲ್ಲರನ್ನೂ ತೋರಿಸುತ್ತಿತ್ತು.
ಆ ವರ್ಷ ಯಾರೂ ಸಾಯಲಿಲ್ಲ.
ಮರುವರ್ಷ ಸತ್ತರು. ಸಾಯುತ್ತಲೇ ಇರುತ್ತಾರೆ."
ಮತ್ತೆ ಲಿಚಿ ಸುಲಿದ.

ಇದನ್ನು ಸೇರಿಸೋಣ, ಎಂದೆ ನಾನು.
ಬೇಡ, ಚಿಕ್ಕವರು ಹೆದರುತ್ತಾರೆ, ಎಂದ ಸೂಲು.
ಹೆದರಿಕೆ ನಮಗಿಂತ ಮುಂಚೆಯೇ ಬಂದಿದೆಯಲ್ಲ, ಎಂದಳು ರಂಜಾ.
ಹಣ ಕೊಡುವವರು ಕೇಳಿದ್ದು
ಕುಣಿಯುವ ಬೊಂಬೆ, ಅಂಕ, ನಕ್ಷತ್ರ,
ಗೆದ್ದವರಿಗೆ ಚಪ್ಪಾಳೆ.
ಜಗಳ ಮುಗಿಯಲಿಲ್ಲ. ಅನ್ನ ಆರಿತು.

ಆಮೇಲೆ ಫಿತಿಯಾ, ಲೋಟವನ್ನಿನ್ನೂ ಎತ್ತದೆ:
"ಬೆರಳು ನಮ್ಮ ಕಡೆಗೆ ಬೇಡ.
ನಮ್ಮ ಬೆರಳೇ ಅದರ ಬೆರಳಾಗಲಿ."

ರಂಜಾ ಇನ್ನೊಂದು ಹಾಳೆ ಎಳೆದುಕೊಂಡಳು.
ಕಪ್ಪು ಪರದೆ. ಒಂದು ಕೊಂಬೆ. ಪ್ರಾಣಿ ಕಾಣದು.
ಮಗು ತಟ್ಟಬೇಕು. ಗಟ್ಟಿ, ಗಟ್ಟಿ, ಗಟ್ಟಿ,
ಎಲ್ಲೋ ಒಂದು ಕಡೆ ಪೊಳ್ಳು.
ಅಂಕ ಇಲ್ಲ. ಹುಳು ಸಿಕ್ಕರೆ ಹುಳು, ಅಷ್ಟೇ.
ತಟ್ಟಿ ಸಾಕಾಗಿ ಕೈ ತೆಗೆದರೆ
ಕತ್ತಲಲ್ಲಿ ಎರಡು ಕಣ್ಣು,
ನಮ್ಮನ್ನು ಲೆಕ್ಕಕ್ಕೇ ಇಡದೆ
ತಮ್ಮ ಊಟ ಹುಡುಕುತ್ತಿರುವವು.

ಇನ್ನು ಸದ್ದು ಬೇಕು. ಯಾವ ಮರದ ಒಳಗೇನಿದೆಯೆಂದು
ತುಂಬುವಿನಪ್ಪನ ಬೆರಳಗೆಣ್ಣಿಗೆ ಗೊತ್ತು.
ಮೈಕು ಹಿಡಿದೆವು. ಬೆಂಚು ತಟ್ಟಿದ. ಮೇಜು ತಟ್ಟಿದ.
ಬಾಗಿಲ ಚೌಕಟ್ಟು ತಟ್ಟಿ, ನಿಂತು, ಕಿವಿಯಿಟ್ಟ.
"ಗೆದ್ದಲು," ಎಂದ. "ಮಳೆ ಹಿಡಿಯುವ ಮೊದಲು ಬದಲಾಯಿಸಿ."
ಸೂಲು ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದ.
ಆ ಮಾತೂ ಒಳಗಿದೆ.

ಇಂಟರ್‌ನೆಟ್ ಬರುವುದು ಗುಡ್ಡದ ಮೇಲೆ, ಅದೂ ಮನಸ್ಸಾದಾಗ.
ಆಟವನ್ನು ಡಬ್ಬಿಗೆ ತುಂಬಿ
ಬೈಕಿನಲ್ಲಿ ಶಾಲೆಯಿಂದ ಶಾಲೆಗೆ ಒಯ್ಯಬೇಕು;
ಖರ್ಚಿಗೆ ಪೆಟ್ರೋಲು ಸೇರಿಸಿದೆ.
ಏಳನೇ ನಿಮಿಷ ಇನ್ನೂ ಖಾಲಿ.
ಶೀರ್ಷಿಕೆಯಿದ್ದಲ್ಲಿ ದುಂಡನೆಯ ನೀರಿನ ಕಲೆ,
ಹಿಂಬದಿಯ ಲೆಕ್ಕ ಅದರೊಳಗಿಂದ ತಲೆಕೆಳಗಾಗಿ ಕಾಣುತ್ತಿದೆ:
ಲವಂಗ, ಹದಿನಾಲ್ಕು ಕಿಲೋ, ಬಾಕಿ.